ಶಿರಾ ಗ್ಯಾರೇಜಿನಿಂದ ಬಂದ ಫೋನು

ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಕಲಿಸುವ ಒಂದು ಸಣ್ಣ ಕೇಂದ್ರ ಮಧುಗಿರಿಯಲ್ಲಿತ್ತು. ಅಲ್ಲಿ ನಾನು ಆಪ್ತಸಮಾಲೋಚಕಿ. ಬೆಳಿಗ್ಗೆ ವೆಲ್ಡಿಂಗ್, ರಿಪೇರಿ; ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕೂತು ಮಾತಾಡುತ್ತಿದ್ದೆವು. ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ, ಆಗ ಏನು ಮಾಡಬೇಕು, ಅಂಥ ಮಾತು. ನಮಗೆ ನೆರವು ಕೊಡುತ್ತಿದ್ದ ಬೆಂಗಳೂರಿನ ಸಂಸ್ಥೆಗೆ ಇದು ಹಿಡಿಸಲಿಲ್ಲ. "ಇದರಿಂದ ರಿಸಲ್ಟ್ ಏನು ಮೇಡಂ? ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅದನ್ನ ಹೇಳಿ" ಎಂದರು. ಮಧ್ಯಾಹ್ನದ ಮಾತು ನಿಂತಿತು. ಕಲಿಕೆಯ ಅವಧಿ ಅರ್ಧಕ್ಕಿಳಿಯಿತು.

ಐ.ಡಿ.ಹಳ್ಳಿ ಕಡೆಯವನೊಬ್ಬನಿದ್ದ. ಮೊದಲು ಕುರಿ ಮೇಯಿಸುತ್ತಿದ್ದವನು, ಬೇಲಿ ಜಗಳದಲ್ಲಿ ದಾಯಾದಿಯ ತಲೆಗೆ ಹೊಡೆದು ಜೈಲು ಕಂಡಿದ್ದ. ದಾಯಾದಿ ಬದುಕಿದ, ಒಂದು ಕಣ್ಣು ಹೋಯಿತು. ಇವನಿಗೆ ಇನ್ನೂ ಸಮಯ ಬೇಕು ಎಂದು ನಾನು ಗೋಗರೆದೆ. ಆದರೆ ಆ ತಿಂಗಳು ಕೆಲಸ ಸಿಕ್ಕಿತೆಂದು ಯಾರನ್ನಾದರೂ ತೋರಿಸಲೇಬೇಕಿತ್ತು. ಶಿರಾದ ಗ್ಯಾರೇಜಿಗೆ ಕಳಿಸಿದರು. ಅವತ್ತಿನಿಂದ ಫೋನು ಬಡಿದುಕೊಂಡರೆ ಮೊದಲು ಶಿರಾದ ನಂಬರಾ ಎಂದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಗ್ಯಾರೇಜಿನ ಮಾಲೀಕರೇ ಫೋನು ಮಾಡಿದರು. "ನಿಮ್ಮವನಿಗೂ ನಮ್ಮ ಮೇಸ್ತ್ರಿಗೂ ಗಲಾಟೆ ಆಯ್ತು. ರಾಡು ಎತ್ಕೊಂಡಿದ್ನಂತೆ. ಈಗ ಎಲ್ಲೋದ್ನೋ ಗೊತ್ತಿಲ್ಲ. ಮೇಸ್ತ್ರಿನೂ ಕಾಣ್ತಿಲ್ಲ."

ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಫೋನು ಸ್ವಿಚ್ ಆಫ್. ಪೊಲೀಸರಿಗೆ ಹೇಳಿದರೆ ಅವನ ಕಥೆ ಮುಗಿಯಿತು. ಹೇಳದಿದ್ದರೆ ಆ ಮೇಸ್ತ್ರಿಯ ಗತಿ?

ಶಿರಾ ಬಸ್‌ ನಿಲ್ದಾಣದಲ್ಲಿ ಇಳಿದರೆ ಅಲ್ಲೇ ಕಟ್ಟೆಯ ಮೇಲೆ ಅವನು! ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

"ಮೇಸ್ತ್ರಿ ಎಲ್ಲಿ?" ಎಂದೆ.

"ಊಟಕ್ಕೋಗಿರ್ಬೇಕು. ನಾನು ಹೊಡೀಲಿಲ್ಲ ಕಣಮ್ಮ. ಎಲ್ರ ಮುಂದೆ ಜೈಲು ನನ್ಮಗನೇ ಅಂದ. ರಾಡು ಕೆಳಕ್ಕಾಕಿ ಬಂದ್ಬುಟ್ಟೆ. ಹೆಂಗೆ ಬಂದ್ನೋ ನಂಗೇ ಗೊತ್ತಿಲ್ಲ."

ನನಗೆ ಅಳು ಬಂದುಬಿಟ್ಟಿತು. ಅವನೇ ಎದ್ದು ಹೋಗಿ ಟೀ ತಂದುಕೊಟ್ಟ.

ಸಂಸ್ಥೆಯ ವರದಿಯಲ್ಲಿ ಅವನು ಕೆಲಸ ಬಿಟ್ಟವರ ಜೊತೆ ಸೇರಿದ. ಹೊಡೆಯದೆ ಬಂದನಲ್ಲ ಎಂದು ನಾನು ವಾದಿಸಿದೆ. "ಆಗದೇ ಇದ್ದದ್ದನ್ನ ಎಲ್ಲಿ ಅಂತ ತೋರಿಸೋದು ಮೇಡಂ?" ಎಂದರು ಅಲ್ಲಿನ ಅಧಿಕಾರಿ. ಅವರಿಗೂ ಮೇಲಿನವರ ಭಯವಿತ್ತು, ದನಿಯಲ್ಲೇ ತಿಳಿಯುತ್ತಿತ್ತು.

ಈಗ ಭಾನುವಾರಗಳಂದು ನಾನೂ ಕೇಂದ್ರದಲ್ಲಿ ಕಲಿತ ಕೆಲವರೂ ಆ ಮಧ್ಯಾಹ್ನದ ಮಾತಿಗೆ ನಮ್ಮ ಮನೆಯ ಹಿಂದಿನ ಹೊಂಗೆ ಮರದಡಿ ಸೇರುತ್ತೇವೆ. ಅವನು ಕೊರಟಗೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದಾನೆ, ತಪ್ಪದೆ ಬರುತ್ತಾನೆ. ಸ್ವಲ್ಪ ತಡವಾದರೂ ನಾನು ಗೇಟಿನ ಬಳಿ ಹೋಗಿ ನಿಲ್ಲುತ್ತೇನೆ. ಕಳೆದ ವಾರ, ಆಗಷ್ಟೇ ಬಿಡುಗಡೆಯಾಗಿದ್ದ ಪಾವಗಡದವನೊಬ್ಬನನ್ನು ಕರೆತಂದ.

"ಕೂತ್ಕಳ್ಲಾ, ಇಲ್ಲಿ ಯಾರೂ ನಿಂಗೆ ಅರ್ಜೆಂಟ್ ಮಾಡಲ್ಲ" ಎಂದ.

ಆ ಹೊಸಬ ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತೇ ಇದ್ದ.