ಎಡಗೈಗೆ ಹುಟ್ಟು ಕಲಿಸಿದ ಅವರೆಕಾಯಿ ಕಾಲ

ಆಗೆಲ್ಲ ನಮ್ಮೂರಿನ ಕೆರೆಗೆ ನೀರು ಬರುವುದೆಂದರೆ ಅಪರೂಪದ ನೆಂಟರು ಬಂದ ಹಾಗೆ. ಬಂದವರು ಎಷ್ಟು ದಿನ ಇರುತ್ತಾರೋ ಹೇಳುವಂತಿರಲಿಲ್ಲ. ಶಿಡ್ಲಘಟ್ಟದ ಪಕ್ಕದ ಊರು ನಮ್ಮದು. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಧಾರಾಳವಾಗಿ ಸುರಿದು ಕೆರೆ ಕೋಡಿ ಬಿತ್ತು. ನನಗೆ ಬುದ್ಧಿ ತಿಳಿದ ಮೇಲೆ ಅಷ್ಟು ನೀರು ನೋಡಿದ್ದು ಅದೇ ಮೊದಲು.

ಅದೇ ವರ್ಷ ಅಮ್ಮನ ತಮ್ಮ, ನನ್ನ ಸೋದರಮಾವ, ಮಿಲಿಟರಿಯಿಂದ ರಿಟೈರ್ ಆಗಿ ಬಂದರು. ಅಲ್ಲಿ ದೋಣಿ ಪಂದ್ಯಗಳಲ್ಲಿ ಹುಟ್ಟು ಹಾಕುತ್ತಿದ್ದವರು. ತುಂಬಿದ ಕೆರೆ ನೋಡಿ ಸುಮ್ಮನಿರಲಾಗಲಿಲ್ಲ ಪಾಪ. ಬಡಗಿಯ ಬೆನ್ನು ಹತ್ತಿ, ಪ್ಲೈವುಡ್ಡಿಗೆ ಟಾರು ಬಳಿಸಿ, ಒಬ್ಬರೇ ಕೂರುವ ಸಪೂರ ದೋಣಿ ಮಾಡಿಸಿದರು. ಎರಡು ಕೈಗೆ ಎರಡು ಹುಟ್ಟು. ಕೂರುವ ಹಲಗೆಗೆ ನಾವು ಆಟದ ಗಾಡಿಗೆ ಹಾಕುತ್ತಿದ್ದಂಥದೇ ಬೇರಿಂಗು. ಹಲಗೆ ಹಿಂದೆ ಮುಂದೆ ಜಾರುತ್ತಿತ್ತು. ಊರೆಲ್ಲ ನಕ್ಕಿತು. ನಾನು ಮಾತ್ರ ಕಲಿಸಿ ಎಂದು ಗಂಟುಬಿದ್ದೆ.

"ನೀರು ಆಮೇಲೆ. ಮೊದಲು ಜಗಲಿ," ಅಂದರು ಮಾವ.

ಹದಿನೈದು ದಿನ ಅವರ ಮನೆ ಜಗಲಿಯ ಮೇಲೆ ಆ ಹಲಗೆ, ಕೈಯಲ್ಲಿ ಎರಡು ಬಿದಿರು ಕೋಲು. "ಏಕ್" ಎಂದರೆ ಬರೀ ಕೈ, "ದೋ" ಎಂದರೆ ಬೆನ್ನು, "ತೀನ್" ಎಂದರೆ ಕಾಲು. "ರುಕ್" ಎಂದರೆ ಇದ್ದಲ್ಲೇ ಕಲ್ಲಾಗಬೇಕು. ಬೇಯಿಸಿದ ಅವರೆಕಾಯಿ ಮಡಿಲಲ್ಲಿಟ್ಟುಕೊಂಡು, ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಅವರು ಎಣಿಸುತ್ತಿದ್ದರು. ಆ ಸೊಗಡಿನ ವಾಸನೆಗೆ ನನ್ನ ಬಾಯಲ್ಲಿ ನೀರೂರಿದರೂ "ರುಕ್" ಮುಗಿಯುವ ತನಕ ಅಲ್ಲಾಡುವ ಹಾಗಿರಲಿಲ್ಲ.

"ಬಾವಿ ನೀರು ಸೇದೋ ಹಂಗೆ ಎಳೀತೀಯಲ್ಲಮ್ಮ! ಕಾಲಲ್ಲಿ ಒದಿ. ಕೈ ತಾನಾಗೇ ಬರುತ್ತೆ."

ನೀರಿಗಿಳಿದ ಮೇಲೆ ಒಂದೇ ಪರೀಕ್ಷೆ: ಏರಿಯಿಂದ ಎದುರು ದಡಕ್ಕೆ ನೇರವಾಗಿ ಹೋಗಬೇಕು. ಹುಟ್ಟು ಹಾಕುವವರ ಬೆನ್ನು ಹೋಗುವ ದಿಕ್ಕಿಗಿರುತ್ತದೆ. ಹಾಗಾಗಿ ಏರಿಯ ತೂಬಿನ ಕಲ್ಲು ಕೊನೆಯವರೆಗೂ ಮೂಗಿನ ನೇರಕ್ಕೇ ಕಾಣಬೇಕು. ಸಂಕ್ರಾಂತಿ ಕಳೆದರೆ ಗದ್ದೆಗೆ ನೀರು ಬಿಡಲು ತೂಬು ಎತ್ತುತ್ತಾರೆ, ಆಮೇಲೆ ದೋಣಿ ಕೆಸರಲ್ಲಿ ಕೂರುತ್ತದೆ. ಮತ್ತೆ ಕೆರೆ ತುಂಬುವುದು ಯಾವ ಕಾಲಕ್ಕೋ! ಅಷ್ಟರೊಳಗೆ ಒಂದು ಸಲ, ಒಂದೇ ಸಲ ನೇರ ಹೋಗಬೇಕೆಂದು ನನಗೆ ಹಟ ಹಿಡಿಯಿತು.

ದೋಣಿ ಮಾತ್ರ ದಿನವೂ ಎಡಕ್ಕೆ ತಿರುಗಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಎಡಗೈ ಸೋಮಾರಿ ಎಂದು ಮಾವ ಬೈದರು. ಬೈದು ಬೈದು ಸಾಕಾಗಿ ಒಂದು ಬೆಳಿಗ್ಗೆ ನಮ್ಮ ಮನೆಗೇ ಬಂದರು. ಆಗ ಗುಟ್ಟು ತಿಳಿಯಿತು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಕುದಿಯುವ ನೀರಿನ ಮುಂದೆ ಕೂತು ಅಮ್ಮ ಗೂಡಿನ ಎಳೆ ಹಿಡಿದರೆ, ಸ್ಕೂಲಿಗೆ ಹೋಗುವ ಮುಂಚೆ ಚರಕ ತಿರುಗಿಸುವುದು ನಾನು. ಮೂರು ವರ್ಷದಿಂದ ಬಲಗೈಯಲ್ಲೇ.

"ಅಕ್ಕ, ನಾಳೆಯಿಂದ ಎಡಗೈಲಿ ತಿರುಗಿಸ್ಲಿ."

"ಏನಪ್ಪ ನಿಂದು? ಎಳೆ ಕಿತ್ತೋಗುತ್ತೆ. ಅಲ್ದೆ ಹೆಣ್ಣುಮಗು, ನೀರಲ್ಲಿ ಏನಾದ್ರೂ ಆದ್ರೆ?" ಅಮ್ಮನಿಗೆ ದೋಣಿಯ ಹೆಸರೆತ್ತಿದರೇ ಆಗುತ್ತಿರಲಿಲ್ಲ.

ನಾನು ಅಳುವುದನ್ನು ನೋಡಿದರೋ ಏನೋ, ಮಾರನೆಯ ಬೆಳಿಗ್ಗೆ ಅಮ್ಮನೇ ಚರಕದ ಹಿಡಿ ತೋರಿಸಿ, "ಎಡಗೈಲೇ ಹಿಡ್ಕೊ, ಹೋಗ್ಲಿ," ಅಂದರು. ನನ್ನ ಎಡಗೈ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಎಳೆ ಪಟಪಟ ಕಡಿಯುತ್ತಿತ್ತು. ಕಡಿದಾಗಲೆಲ್ಲ ಅಮ್ಮ ಸುಡುವ ನೀರಿಗೆ ಬೆರಳು ಅದ್ದಿ ಎಳೆ ಹುಡುಕಬೇಕು. ಆ ತಿಂಗಳೆಲ್ಲ ಅವರ ಬೆರಳ ತುದಿ ಬೆಂದು ಬೆಳ್ಳಗಾಗಿತ್ತು. ಅನ್ನ ಕಲಸುವಾಗ ಮುಖ ಕಿವುಚುತ್ತಿದ್ದರು. ನನಗೊಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಬಲಗೈಗೆ ಬದಲಾಯಿಸಿಬಿಡುತ್ತಿದ್ದೆ.

ಸಂಕ್ರಾಂತಿಗೆ ಎರಡು ದಿನ ಇರುವಾಗ, ಬೆಳಗಿನ ಚಳಿಯಲ್ಲಿ ಮಾವ ದೋಣಿ ತಳ್ಳಿದರು. ಏಕ್, ದೋ, ತೀನ್. ಎರಡು ಹುಟ್ಟೂ ಒಟ್ಟಿಗೆ ಮುಳುಗಿದವು, ಒಟ್ಟಿಗೆ ಎದ್ದವು. ಅರ್ಧ ದಾರಿಯಲ್ಲಿ ತಲೆ ಎತ್ತಿದರೆ ತೂಬಿನ ಕಲ್ಲಿನ ಪಕ್ಕ ಅಮ್ಮ! ಕೆಲಸ ಅರ್ಧಕ್ಕೆ ಬಿಟ್ಟು, ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ನಾನು ಕಲ್ಲು ಬಿಟ್ಟು ಅವರನ್ನೇ ನೋಡುತ್ತಾ ಹುಟ್ಟು ಹಾಕಿದೆ. ಅಮ್ಮ ಮೂಗಿನ ನೇರದಿಂದ ಆಚೀಚೆ ಆಗಲಿಲ್ಲ. ದೋಣಿಯ ಮೂತಿ ಎದುರು ದಡದ ಮಣ್ಣಿಗೆ ಬಡಿದಾಗ ಮಾವ ಹಾಕಿದ ಕೇಕೆ ಕೆರೆಯೆಲ್ಲ ಕೇಳಿಸಿತು.

ಈಗ ನಾನು ಚಿಂತಾಮಣಿಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು. ತಪ್ಪು ಮಾಡುವ ಮಗುವನ್ನು ಬೈಯಲು ಬಾಯಿ ತೆರೆದಾಗ ಆ ಬೆಂದ ಬೆರಳು ನೆನಪಾಗಿ ಎಷ್ಟೋ ಸಲ ಸುಮ್ಮನಾಗಿದ್ದೇನೆ. ನನಗೆ ಏನಾದರೂ ಕಲಿಸಲು ಬರುತ್ತದೆ ಎಂದಾದರೆ ಅದು ಆ ಇಬ್ಬರ ಋಣ. ಮಾವ ಹೋಗಿ ಬಹಳ ವರ್ಷವಾಯಿತು. ನೂಲು ತೆಗೆಯುವುದಕ್ಕೆ ಮಿಷಿನ್ನುಗಳು ಬಂದಿವೆ. ಕೆರೆಗೆ ಪೈಪಿನಲ್ಲಿ ಪಟ್ಟಣದ ಸೋಸಿದ ಕೊಳಚೆ ನೀರು ಬಂದು ವರ್ಷವಿಡೀ ತುಂಬಿರುತ್ತದೆ, ಮಕ್ಕಳು ಯಾರೂ ಇಳಿಯುವುದಿಲ್ಲ.

ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ ಕೇಳಿದ್ದೆ, "ಅವತ್ತು ನಾನು ನೇರ ಹೋಗ್ತೀನಾ ಅಂತ ನೋಡೋಕೆ ಬಂದ್ಯೇನಮ್ಮ?"

"ನೇರ ಹೋದ್ರೆಷ್ಟು, ಸೊಟ್ಟ ಹೋದ್ರೆಷ್ಟು? ನೀನು ಮುಳುಗಿದ್ರೆ ಹಾರೋಣ ಅಂತ ಬಂದೆ."

"ನಿಂಗೆ ಈಜು ಬರಲ್ವಲ್ಲ!"

"ಹೌದಲ್ಲ ಕಣೇ," ಅಂದರು ಅಮ್ಮ, "ಅದು ಅವತ್ತು ಹೊಳೀಲೇ ಇಲ್ಲ."

ಕೆರೆಯಲ್ಲಿ ಈಗ ಬೇಕಾದಷ್ಟು ನೀರಿದೆ. ಏರಿಯ ಮೇಲೆ ಹಾಗೆ ಬಂದು ನಿಲ್ಲುವವರು ನನಗೆ ಯಾರೂ ಉಳಿದಿಲ್ಲ.