ಸುಳಿ ಬಿಡಿಸುವ ಬೀರಾನ್

ಕಾಪುವಿನ ನಲ್ಲಿ ಫಿಟ್ಟರ್ ಬೀರಾನ್ ಒಮ್ಮೆ ಗದರಿಸಿದರೆ ಸಾಕು, ಅರಬ್ಬಿ ಸಮುದ್ರವೇ ಶಾಲೆಯ ಮಕ್ಕಳಂತೆ ಸಾಲಾಗಿ ನಡೆದು ಬರುತ್ತದೆ! ನಂಬದವರು ಬೆಳಗಿನ ಐದೂವರೆಗೆ ಕಾರ್ಕಳ ರಸ್ತೆಯ ಪಂಪ್‌ಹೌಸಿಗೆ ಬಂದು ನೋಡಲಿ. ಆರಿಂಚಿನ ಕಬ್ಬಿಣದ ಕೊಳವೆಗೆ ಕಿವಿಯಾನಿಸಿ ಅವರು ಕುಳಿತಿದ್ದಾರೆ. ಒಳಗೆ ಇರುವೆ ಈಜಿದರೂ ಅವರಿಗೆ ಕೇಳಿಸುತ್ತದೆ.

"ಕೊಳವೆಯ ತಿರುವಿನಲ್ಲಿ ನೀರಿಗೆ ತಲೆ ತಿರುಗುತ್ತದೆ ಮಾರಾಯ್ರೆ. ಸುಳಿ ಸುತ್ತಿಕೊಂಡೇ ಹೋಗಿ ಮೀಟರಿನ ಚಕ್ರಕ್ಕೆ ಬಡಿಯುತ್ತದೆ. ಹತ್ತು ಕೊಡ ಹೋದರೆ ಮೀಟರು ಹನ್ನೆರಡು ಅನ್ನುತ್ತದೆ" ಎನ್ನುತ್ತಾರೆ ಬೀರಾನ್, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ.

ಮನೆಗಳಿಗೆ ಮುಟ್ಟಿದ್ದು ಹತ್ತೇ, ಪಂಪ್‌ಹೌಸಿನ ಮೀಟರು ತೋರಿಸಿದ್ದು ಹನ್ನೆರಡು. ಹೋಗದ ಆ ಎರಡು ಕೊಡಗಳಿಗಾಗಿ ೧೯೭೯ರಲ್ಲಿ ಕೆಳಬೀದಿಯ ನಲವತ್ತು ಮನೆಗಳಿಗೆ ನೀರುಗಳ್ಳರೆಂಬ ಹೆಸರು ಬಂತು. ಅಧಿಕಾರಿಗಳು ನಲ್ಲಿ ಕಿತ್ತರು. ಬಸುರಿಯರೂ ಮೈಲಿ ದೂರದ ಬಾವಿಗೆ ನಡೆದರು. ಜನರ ಮಾತು ಸುಳ್ಳು, ಯಂತ್ರದ ಮಾತು ಸತ್ಯ! ಮೀಟರನ್ನೇ ಒಮ್ಮೆ ಅನುಮಾನಿಸೋಣವೆಂದು ಒಬ್ಬ ಅಧಿಕಾರಿಗಾದರೂ ಹೊಳೆಯಬೇಡವೇ? ಹೊಳೆದದ್ದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಫಿಟ್ಟರಿಗೆ. ಮೀಟರಿನ ಮುಂಚಿನ ಕೊಳವೆಯೊಳಗೆ ಹತ್ತೊಂಬತ್ತು ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ತುರುಕಿದರು. ನೀರು ಹತ್ತೊಂಬತ್ತಾಗಿ ಕವಲೊಡೆದು, ಸುಳಿ ಬಿಟ್ಟು, ನೆಟ್ಟಗೆ ಹೊರಬಂತು. ಮೀಟರು ನಿಜ ನುಡಿಯಿತು. ನಲ್ಲಿಗಳು ಮರಳಿದವು, ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ.

ಎಂಟು ವರ್ಷಗಳಲ್ಲಿ ಉಡುಪಿ, ಮಣಿಪಾಲದ ತನಕ ಇಂಥವು ಹನ್ನೊಂದು ಕೂತಿವೆ. ಬೀರಾನ್ ಬಾಯಿಯಲ್ಲಿ ಅದು ಸಾವಿರದ ನೂರು. ಇದರ ನಕ್ಷೆಯಲ್ಲಿರುವುದು ಮಾತ್ರ ಕಚೇರಿಯ ಇಂಜಿನಿಯರರ ಹೆಸರು! ಬೆರಳಿಗೆ ತುಕ್ಕು ಸೋಕದವರಿಗೆ ಶಾಲು, ಹಾರ. ಕೈ ಕೊಯ್ದುಕೊಂಡವರಿಗೆ ಆ ಸನ್ಮಾನದ ಸಭೆಯಲ್ಲಿ ಕುರ್ಚಿಯೂ ಇಲ್ಲ. ಇದು ಕಳವಲ್ಲದೆ ಮತ್ತೇನು?

"ನನಗೆ ಹಾರ ಬೇಡ. ನಕ್ಷೆಯಲ್ಲಿ ನನ್ನ ಹೆಸರು ಬರೆಯಲಿ, ಅಷ್ಟೇ" ಎನ್ನುತ್ತಾರೆ ಬೀರಾನ್. ಮರುಕ್ಷಣವೇ ಎದೆಯುಬ್ಬಿಸುತ್ತಾರೆ: "ಒಂದು ಚಾ ಕುಡಿದು ಮುಗಿಸುವುದರೊಳಗೆ ಇಡೀ ಡಿಸೈನು ಈ ತಲೆಯಲ್ಲಿ ರೆಡಿ!"

"ಯಾವ ತಲೆಯಲ್ಲಿ?"

ಪಂಪ್‌ಹೌಸಿನ ಹಿಂದಿನ ಕೋಣೆಯಲ್ಲಿ ಬೀಡಿ ಸುತ್ತುತ್ತಿದ್ದ ಹೆಂಡತಿ ಆಯಿಶಮ್ಮ ಬಾಗಿಲಿಗೆ ಬಂದಿದ್ದಾರೆ. "ನೀವು ಕೊಳವೆಯೊಳಗೆ ಮೊದಲು ಹಾಕಿದ್ದು ತಗಡು. ಎರಡೇ ದಿನಕ್ಕೆ ಮುದ್ದೆಯಾಯಿತು, ಅಲ್ವಾ? ಬೀಡಿ ಕಟ್ಟು ಮುಖಕ್ಕೆ ಹಿಡಿದು, 'ಹೀಗೆ ಒತ್ತಾಗಿ ತುಂಬಿಸಿ, ಅಲುಗುವುದಿಲ್ಲ' ಅಂದದ್ದು ಯಾರು? ಇಂಜಿನಿಯರರನ್ನು ಬೈಯುತ್ತೀರಲ್ಲ, ನೀವು ಮಾಡಿದ್ದು ಎಂತ?"

ಬೀರಾನ್ ಕೊಳವೆಯಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಳ್ಳುತ್ತಾರೆ.

"ಹೌದು ಮಾರಾಯ್ರೆ. ನಾನು ತುರುಕಿದ್ದು ಮಾತ್ರ, ಉಪಾಯ ಇವಳದ್ದು. ಎಂಟು ವರ್ಷದಿಂದ ನನ್ನದು ಅಂತ ಹೇಳಿಕೊಂಡು ಬಂದೆ. ನೀವು ಪೇಪರಿನಲ್ಲಿ ಆಯಿಶಮ್ಮ ಅಂತಲೇ ಬರೆಯಿರಿ." ಸ್ವಲ್ಪ ತಡೆದು ಸೇರಿಸುತ್ತಾರೆ: "ಅಕ್ಷರ ದೊಡ್ಡದಿರಲಿ."