ಮೇಷ್ಟ್ರು ತೊಳೆದ ಬೆಳಕು

ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಳದಿ. ಬೆಳಿಗ್ಗೆ ಲ್ಯಾಬಿಗೆ ಬಂದವರೇ ಹಳೇ ಕೊಡೆಯ ಕಪ್ಪು ಬಟ್ಟೆಯನ್ನು ತಲೆ ಮೇಲೆ ಹೊದ್ದುಕೊಂಡು ನೇರಳೆ ದೀಪದಡಿ ಆ ಉಗುರನ್ನು ಹಿಡಿದು ನೋಡುತ್ತಿದ್ದರು. ಹಿಂದಿನ ದಿನ ಮಾಡಿದ ಪುಡಿ ಅದರ ಸಂದಿಯಲ್ಲಿ ಉಳಿದಿರುತ್ತಿತ್ತು. "ಊಹೂಂ, ಇದೂ ಅಲ್ಲ," ಎಂದು ಹೊರಬರುವರು. ಎರಡು ಸಾವಿರದ ಇಸವಿ ಕಳೆದ ಹೊಸತು; ರಾಮನಗರದ ಕಾಲೇಜಿನಲ್ಲಿ ನಾನು ಓದಿದ ಮೂರು ವರ್ಷವೂ ಇದೇ. ನಾವು ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಕೇಳಿಯೇಬಿಟ್ಟೆ, "ಏನ್ ಸಾರ್ ಹುಡುಕ್ತಾ ಇದೀರಾ?"

"ಒಂದು ಜಾತಿ ಅಣು ಐತೆ ಕಣಮ್ಮಿ. ಕರಗಿ ಬಿಡಿಬಿಡಿಯಾಗಿದ್ರೆ ಕುಣ್ಕಂಡಿರ್ತವೆ, ಶಕ್ತಿಯೆಲ್ಲ ಕುಣಿಯೋದ್ರಲ್ಲೇ ಮುಗ್ದೋಯ್ತದೆ. ಒತ್ತೊತ್ತಾಗಿ ಗಟ್ಟಿಯಾದ್ರೆ ಮೈ ಅಲ್ಲಾಡ್ಸಕ್ಕಾಗಕಿಲ್ಲ. ಆಗ ದೀಪ ಹಿಡುದ್ರೆ ಬೆಳಗ್ತವೆ. ಹೊರದೇಶದೋರು ಈಗ ಕಂಡ್ಹಿಡ್ದವ್ರೆ." ಹೆಬ್ಬೆರಳಿನ ಉಗುರು ಉಜ್ಜಿಕೊಳ್ಳುತ್ತಾ, "ಅವ್ರಿಗಿಂತ ಮುಂಚೇನೇ ನಾನು ನೋಡಿದ್ದೆ. ನೋಡಿ ತೊಳ್ದುಬುಟ್ಟೆ," ಎಂದರು.

ಅವರು ಸಂಶೋಧನೆಗೆಂದು ಹೋಗಿದ್ದ ಕಾಲದಲ್ಲಿ, ಫ್ಲಾಸ್ಕಿನ ತಳಕ್ಕೆ ಒಣಗಿ ಅಂಟಿದ್ದ ಗಸಿ ದೀಪದಡಿ ಹಸಿರಾಗಿ ಹೊಳೆಯಿತಂತೆ. ಮೇಷ್ಟ್ರದು ಕೈಲಾಂಚದ ಕಡೆಯ ರೇಷ್ಮೆ ಬೆಳೆಯುವ ಮನೆ. ಹುಳುಗಳು ಒತ್ತೊತ್ತಾಗಿ ಬಿದ್ದರೆ ಎರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಆರಿಸಿ ತೆಗೆಯಬೇಕು.

"ಒತ್ತೊತ್ತಾಗಿ ಸೇರ್ಕಂಡಿದ್ದು ಕೆಟ್ಟಿದ್ದು ಅಂತ್ಲೇ ನಮ್ಮವ್ವ ಹೇಳ್ಕೊಟ್ಟಿದ್ದು. ಕರಗಿದ್ದಾಗ ಹೊಳೀದೇ ಇದ್ದದ್ದು ಗಡ್ಡೆ ಕಟ್ಟಿದ್ಮೇಲೆ ಹೊಳೀತದೆ ಅಂದ್ರೆ ಕೊಳೆ ಸೇರೈತೆ ಅನ್ಕಂಡೆ," ಎಂದು ನಕ್ಕರು. ಆ ನಗು ನನ್ನಿಂದ ನೋಡಲಾಗಲಿಲ್ಲ.

ಗಸಿ ಯಾವುದರಿಂದ ಹುಟ್ಟಿತೆಂಬುದೇ ಅವರಿಗೆ ನೆನಪಿರಲಿಲ್ಲ. "ನೋಟ್‌ಬುಕ್ಕಲ್ಲಿ ಬರ್ದಿವ್ನಿ, ಎಲ್ಲೋ ಐತೆ, ಸಿಕ್ತದೆ," ಎನ್ನುತ್ತಿದ್ದರು. ಬಿಡದಿ ಕಡೆ ಕಾರ್ಖಾನೆಗಳೆದ್ದು ಕೆಲಸಕ್ಕೆ ಕರೆದಾಗಲೂ ಹೋಗಲಿಲ್ಲ. ಹೆಂಡತಿ ಬೈದರು. ಪ್ರಿನ್ಸಿಪಾಲರು ರಾಸಾಯನಿಕ ಕೊಡುವುದನ್ನು ನಿಲ್ಲಿಸಿದರು. ಬರಬರುತ್ತಾ ಉಗುರೂ ಬೆಳ್ಳಗಾಯಿತು.

ನಾನು ಅದೇ ಲ್ಯಾಬಿನಲ್ಲಿ ಪಾಠ ಹೇಳಲು ಸೇರಿದ ವರ್ಷ ಮೇಷ್ಟ್ರು ತೀರಿಕೊಂಡರು. ತಿಥಿ ಕಳೆದ ಮೇಲೆ ಅವರ ಹೆಂಡತಿ, "ಅಟ್ಟ ಗುಡಿಸ್ವಾಗ ಸಿಕ್ತು, ತಕಳವ್ವಾ," ಎಂದು ನೋಟ್‌ಬುಕ್ಕೊಂದನ್ನು ಕೊಟ್ಟರು. ಅಲ್ಲೇ ಕುಕ್ಕರಿಸಿ ಹುಡುಕಿದೆ. ಅಯ್ಯೋ ದೇವರೇ, ಆ ಗಸಿಯ ಪುಟ ಸಿಕ್ಕಿತು. ಏನು ಬೆರೆಸಿದರು, ಎಷ್ಟು ಕಾಯಿಸಿದರು, ಒಂದೂ ಇಲ್ಲ. ಅವರ ದುಂಡು ಅಕ್ಷರದಲ್ಲಿ ಒಂದೇ ಸಾಲು: "ತಳದಲ್ಲಿ ಹಸಿರು ಹೊಳಪು. ಕೊಳೆ. ತೊಳೆದಿದೆ."

ಇವತ್ತಿಗೂ ನನ್ನ ವಿದ್ಯಾರ್ಥಿಗಳು ಫ್ಲಾಸ್ಕ್ ತೊಳೆಯುವ ಮುಂಚೆ ಒಣಗಿಸಿ ದೀಪದಡಿ ಹಿಡಿಯಬೇಕು. ಅವರೂ ನನ್ನ ಬೆನ್ನ ಹಿಂದೆ ನಗುತ್ತಾರೆ, ನಗಲಿ. ಇಷ್ಟು ವರ್ಷದಲ್ಲಿ ಒಂದೂ ಹೊಳೆದಿಲ್ಲ.